ಕ್ಯಾಮೆರಾಕ್ಕೆ ಇಟ್ಟ ಕುಂಕುಮ

ಮಾರಬೇಕೆಂದಿದ್ದ ಕ್ಯಾಮೆರಾವನ್ನು ಮೊನ್ನೆ ಬೆಳಿಗ್ಗೆ ಒರೆಸುತ್ತಾ ಕೂತಿದ್ದೆ. ಜೂಮ್ ತಿರುಗಿಸುವ ರಬ್ಬರ್ ಪಟ್ಟಿಯ ಗೀರುಗಳಲ್ಲಿ ಏನೋ ಕೆಂಪಗೆ ಸಿಕ್ಕಿಕೊಂಡಿತ್ತು. ಹಳೆಯ ಟೂತ್‌ಬ್ರಷ್ಷಿನಿಂದ ಕೆದಕಿದೆ. ಬೆರಳಿಗೆ ಅಂಟಿದ್ದು ಕುಂಕುಮ. ಕೊಳ್ಳುವವರು ಭಾನುವಾರ ಬಿಡದಿಯಿಂದ ಬರುವವರಿದ್ದರು. ಅಷ್ಟರೊಳಗೆ ಅದು ಈಗತಾನೆ ಅಂಗಡಿಯಿಂದ ತಂದಂತೆ ಕಾಣಬೇಕೆಂಬುದು ನನ್ನ ಹಟ.

ನೀವೂ ಈ ಹುಚ್ಚಿನವರಾದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೊದಲು ಜೇಬಿಗೆ ಹಿಡಿಯುವ ಪುಟ್ಟ ಕ್ಯಾಮೆರಾ. ಅದರಲ್ಲಿ ನಮ್ಮ ರಾಮನಗರದ ಬೆಟ್ಟದ ರಣಹದ್ದು ಸಾಸಿವೆ ಕಾಳಿನಷ್ಟು ಕಂಡಿತು. ಹಾಗಾಗಿ ಉದ್ದ ಜೂಮಿನದು ಬಂತು. ಹದ್ದು ಕಡಲೆಕಾಳಿನಷ್ಟಾಯಿತು, ಆದರೆ ಸಂಜೆಯಾದರೆ ಎಲ್ಲ ಮಸುಕು. ಹಾಗಾಗಿ ಡಿಎಸ್‌ಎಲ್‌ಆರ್. ಈಗ ಕಣ್ಣು ಬಿದ್ದಿರುವುದು ಮಿರರ್‌ಲೆಸ್ ಮೇಲೆ. ತಪ್ಪು ಯಾವಾಗಲೂ ಕ್ಯಾಮೆರಾದ್ದೇ, ಅದನ್ನು ಹಿಡಿದ ಕೈಯದ್ದು ಒಮ್ಮೆಯೂ ಅಲ್ಲ.

ಕುಂಕುಮ ಮಾತ್ರ ನನ್ನ ಮಾವನವರದ್ದು.

ಮದುವೆಯಾದ ವರ್ಷ ಆಯುಧಪೂಜೆಗೆಂದು ಕೋಡಿಹಳ್ಳಿಗೆ, ಹೆಂಡತಿ ಪದ್ಮಳ ತವರಿಗೆ ಹೋಗಿದ್ದೆ. ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆದು ನಿಲ್ಲಿಸಿದ್ದರು. ಅದರ ಮುಂದೆ ನೇಗಿಲು, ಗುದ್ದಲಿ, ಕುಡುಗೋಲು, ಅತ್ತೆಯ ಹೊಲಿಗೆ ಮೆಷಿನ್ನು. ಮನೆಯ ಒಬ್ಬೊಬ್ಬರದೂ ಒಂದೊಂದು. ಮಾವ ಕುಂಕುಮದ ಬಟ್ಟಲು ಹಿಡಿದು ನನ್ನತ್ತ ತಿರುಗಿದರು.

"ಅಳಿಯಂದ್ರೆ, ನೀವೇನ್ ಇಡ್ತೀರಿ?"

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನ ಹತ್ತಿರ ಏನಿರುತ್ತದೆ? ನನ್ನ ಬಾಮೈದ ಟ್ರ್ಯಾಕ್ಟರಿನ ಮೇಲಿಂದಲೇ ಅಂದ: "ಬಾವಂದು ಒಂದು ಸೀಮೆಸುಣ್ಣ ಇಡು ಕಣಪ್ಪ. ಅವ್ರಿಗೆ ಅದೇ ಮಚ್ಚು."

"ಸುಮ್ಕಿರ್ಲಾ ನೀನು," ಎಂದರು ಮಾವ. ಆದರೆ ಅವರಿಗೂ ನಗು ತಡೆಯಲಾಗಲಿಲ್ಲ.

ನಾನೂ ನಕ್ಕೆ. ನಗುತ್ತಲೇ, ಆ ಸಾಲಿನಲ್ಲಿ ನನ್ನದೂ ಒಂದು ಇರಬೇಕು ಎಂದು ತುಂಬ ಆಸೆಯಾಯಿತು. ಇಲ್ಲದಿದ್ದರೆ ನಾನು ಆ ಮನೆಗೆ ಊಟಕ್ಕೆ ಬಂದ ನೆಂಟ ಅಷ್ಟೇ. ಜೇಬಿನ ಕ್ಯಾಮೆರಾ ತೆಗೆದು ಕುಡುಗೋಲಿನ ಪಕ್ಕ ಇಟ್ಟೆ.

"ಇದಕ್ಕೆ ಕಣ್ಣು ಎಲ್ಲೈತೆ?"

ತೋರಿಸೋಣವೆಂದು ಗುಂಡಿ ಒತ್ತಿದೆ. ಗುರ್ರೆಂದು ಮೂತಿ ಹೊರಗೆ ಬಂತು. ಮಾವ ತಡಮಾಡದೆ ಗಾಜಿನ ನಟ್ಟನಡುವೆ ಬೊಟ್ಟಿಟ್ಟರು.

ಅಂಗಿಯ ತುದಿಯಿಂದ ಒರೆಸಿ, ಸರಿಹೋಯಿತೇ ಎಂದು ನೋಡಲು ಎದುರಿಗಿದ್ದ ಅವರದೇ ಒಂದು ಚಿತ್ರ ತೆಗೆದೆ. ಅಲ್ಲಿಂದ ಮುಂದೆ ಹೊಸ ಕ್ಯಾಮೆರಾ ಬಂದಾಗಲೆಲ್ಲ ಅದರ ಮೊದಲ ಪೂಜೆ ಕೋಡಿಹಳ್ಳಿಯಲ್ಲೇ. ನಾನು ಮುಚ್ಚಳ ಹಾಕಿ ಇಡುವುದನ್ನು ಕಲಿತೆ, ಅವರು ಮುಚ್ಚಳಕ್ಕೆ ಬೊಟ್ಟಿಡುವುದನ್ನು ಕಲಿತರು. ಬಟ್ಟಲಿನ ಕುಂಕುಮ ಅಷ್ಟಿಷ್ಟು ಬೇರೆಡೆಗೂ ಉದುರುತ್ತಿತ್ತು. ಪೂಜೆಯಾದ ಮೇಲೆ ಪರೀಕ್ಷೆಗೆಂದು ಮಾವನ ಒಂದು ಚಿತ್ರ.

ಇದೆಲ್ಲ ನೆನೆಯುತ್ತಿರುವಾಗ ಒಂದು ಮಾತು ಚುಚ್ಚಿತು. ಎರಡನೆಯ ಕ್ಯಾಮೆರಾ ಒಯ್ದ ವರ್ಷ ಮಾವ, "ಹಳೇದ ಮಾರ್ಬುಟ್ರಾ? ಪೂಜೆ ಮಾಡಿದ್ದನ್ನ ಮಾರ್ತಾರಾ?" ಎಂದಿದ್ದರು. ಪದ್ಮಳಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಅಪ್ಪ ಹಂಗಂದೇ ಇಲ್ಲ. ನೀವೇ ಕಟ್ಕೊಂಡಿರೋದು. ಅವ್ರೇ ಎರಡು ಟ್ರ್ಯಾಕ್ಟರ್ ಮಾರವ್ರೆ."

ಆದರೆ ಆ ಮಾತು ಅವರದೇ ದನಿಯಲ್ಲಿ ನನ್ನ ಕಿವಿಯಲ್ಲಿದೆ. ದಿನಚರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಒಬ್ಬಟ್ಟಿನ ವಿಷಯ ಬಿಟ್ಟು ಇನ್ನೇನೂ ಇಲ್ಲ. ಇಷ್ಟು ವರ್ಷ ಯಾರ ಆಕ್ಷೇಪಕ್ಕೆ ಅಂಜುತ್ತಿದ್ದೆ ನಾನು? ಕೊನೆಗೆ ಮಾವನಿಗೇ ಫೋನ್ ಮಾಡಿದೆ.

"ಕ್ಯಾಮೆರಾ ಮಾರೋಣ ಅಂತಿದೀನಿ ಮಾವ. ನಿಮಗೇನೂ ಬೇಜಾರಿಲ್ಲ ತಾನೆ?"

"ನಂಗ್ಯಾಕೆ ಬೇಜಾರು? ಕೆಟ್ಟೋಗೈತಾ?"

"ಇಲ್ಲ, ಹೊಸದರಲ್ಲಿ ಇನ್ನೂ ಚೆನ್ನಾಗಿ ಬರುತ್ತೆ."

"ಬರ್ಲಿ ಬುಡಿ. ಒಂದ್ ಮಾತು, ಏನೂ ಅನ್ಕೋಬ್ಯಾಡಿ. ಗುದ್ದಲಿ ಇಟ್ಟೋನು ರಾಗಿ ತಂದ. ಮೆಷಿನ್ ಇಟ್ಟೋಳು ರವಿಕೆ ಹೊಲುದ್ಲು. ನಿಮ್ಮ ಕ್ಯಾಮೆರಾದ್ದು ಒಂದ್ ಫೋಟೊನೂ ಮನೆಗೆ ಬರ್ನಿಲ್ವಲ್ಲ? ಅದ್ರ ಹಿಂದ್ಗಡೆ ಗಾಜಲ್ಲಿ ಒಸಿ ತೋರಿಸ್ತೀರಿ, ಮುಚ್ಕೊಂಡು ಹೋಯ್ತೀರಿ."

ದೂರು ಹೇಳುವ ದನಿಯಲ್ಲ. ನಿಮ್ಮ ಕಡೆ ಮಳೆ ಬಂತಾ ಎಂದು ಕೇಳುವಷ್ಟು ಹಗುರ. ನೆಂಟನಾಗಬಾರದೆಂದು ಆ ಸಾಲಿನಲ್ಲಿ ಇಟ್ಟ ನನ್ನ ಆಯುಧವೊಂದೇ ಮನೆಗೆ ಬರಿಗೈಯಲ್ಲಿ ಬಂದು ಹೋಗುತ್ತಿತ್ತು.

ಕಂಪ್ಯೂಟರಿನಲ್ಲಿ ಹುಡುಕಲು ಕೂತೆ. ಹದ್ದು, ಬಂಡೆ, ಮಂಜು, ಮಾಗಡಿ ರಸ್ತೆಯ ಸೂರ್ಯಾಸ್ತಗಳು; ಸೂರ್ಯ ಇಷ್ಟು ಸಲ ಮುಳುಗಿದ್ದಾನೆಯೇ ಎನ್ನಿಸುವಷ್ಟು. ಅವುಗಳ ನಡುವೆ ಮಾವ, ಕ್ಯಾಮೆರಾಕ್ಕೆ ಒಂದರಂತೆ. ಎದುರಿಗಿದ್ದರು, ತೆಗೆದೆ ಎಂದೇ ತಿಳಿದಿದ್ದೆ. ಪಕ್ಕಪಕ್ಕದಲ್ಲಿಟ್ಟು ನೋಡಿದೆ.

ಮೊದಲನೆಯದು ಕೆಂಪು ಮಬ್ಬಿನ ಚಿತ್ರ. ಬನಿಯನ್ನು, ಹೆಗಲ ಮೇಲೆ ಟವಲ್ಲು, ಕುಟುಕುವ ಹುಳವನ್ನು ನೋಡುವಂಥ ನೋಟ. ಎರಡನೆಯದರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಗುಂಡಿ ಕತ್ತಿನವರೆಗೆ. ಮೂರನೆಯದು ಈಗ ಮಾರಲಿರುವ ಕ್ಯಾಮೆರಾದ್ದು, ಅದರಲ್ಲೂ ಬಿಳಿ ಅಂಗಿ. ಹಿಗ್ಗಿಸಿದರೆ ಒದ್ದೆ ಕೂದಲಲ್ಲಿ ಬಾಚಣಿಗೆ ಎಳೆದ ಗೆರೆಗಳು ಕೂಡ ಕಾಣುತ್ತವೆ. ನಾನು ಕುಂಕುಮ ಒರೆಸುತ್ತಿದ್ದ ಹೊತ್ತಿನಲ್ಲಿ ಅವರು ಒಳಗೆ ಹೋಗಿ, ತಲೆ ಬಾಚಿ, ಅಂಗಿ ತೊಟ್ಟು ಬಂದು ನಿಂತಿದ್ದರು.

ಬಿಡದಿಯವರಿಗೆ ಮುಂದಿನ ವಾರ ಬನ್ನಿ ಎಂದೆ. ಹೊಸ ಕ್ಯಾಮೆರಾ ಬೇಡವಾಯಿತೆಂದಲ್ಲ, ಅಷ್ಟು ಒಳ್ಳೆಯವನಲ್ಲ ನಾನು. ಈ ಭಾನುವಾರ ಕೋಡಿಹಳ್ಳಿಗೆ ಹೋಗುವುದಿದೆ.

ಇಂದು ಸ್ಟುಡಿಯೋದಲ್ಲಿ ಮೂರನ್ನೂ ಪ್ರಿಂಟ್ ಮಾಡಿ ಕಟ್ಟು ಹಾಕಲು ಕೊಟ್ಟೆ. ಮೂರನೆಯದನ್ನು ತೆರೆಯ ಮೇಲೆ ದೊಡ್ಡದು ಮಾಡಿದ ಸ್ಟುಡಿಯೋದವರು, ಹಿಂದೆ ಬನಿಯನ್ನಿನಲ್ಲಿ, ಪಂಚೆ ಎತ್ತಿ ಕಟ್ಟಿ ನಿಂತಿದ್ದ ಬಾಮೈದನನ್ನೂ ಆಳುಗಳನ್ನೂ ತೋರಿಸಿ, "ಇವ್ರನ್ನೆಲ್ಲ ತೆಗೆದ್ಬಿಡ್ಲಾ ಸಾರ್? ಯಜಮಾನ್ರು ಒಬ್ರೇ ನೀಟಾಗಿ ಬತ್ತಾರೆ," ಎಂದರು.

ಬೇಡ ಎಂದೆ. ಅವರೆಲ್ಲ ಹಾಗೆ ನಿಂತಿದ್ದರೆ ಮಾತ್ರ ಮಾವ ಫೋಟೊಕ್ಕೆಂದೇ ಅಂಗಿ ತೊಟ್ಟು ಬಂದದ್ದು ಕಾಣುತ್ತದೆ.