ಎಣ್ಣೆ ಹಚ್ಚದ ಡಬ್ಬ

ಕಾಳಿಗೆ ಬೇವಿನೆಣ್ಣೆ ಸವರಿದರೆ ಹುಳ ಬೀಳುವುದಿಲ್ಲ ಎಂದು ಊರೂರು ತಿರುಗಿ ತೋರಿಸುವುದು ನನ್ನ ಕೆಲಸ. ಆ ವಾಸನೆಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರೂ ಬರುವುದಿಲ್ಲ.

ಸಂತೆಬಾಚಹಳ್ಳಿ ಹತ್ತಿರದ ಊರಿನಲ್ಲಿ ಸಾಕಮ್ಮ ಎಂಬವರ ಮನೆಯಲ್ಲಿ ಎರಡು ಡಬ್ಬ ಅವರೆಕಾಳಿತ್ತು. ಹೋಲಿಸಿ ನೋಡಲಿ ಎಂದು ಒಂದಕ್ಕಷ್ಟೇ ಎಣ್ಣೆ ಹಚ್ಚಿ ಬಂದಿದ್ದೆ. ಮತ್ತೆ ಹೋದಾಗ ಆ ಕಾಳು ಚೊಕ್ಕಟವಾಗಿತ್ತು, ಇನ್ನೊಂದರ ತುಂಬ ಹುಳ.

"ಮುಂದಿನ ಸಲ ಎರಡಕ್ಕೂ ಹಚ್ಚೋಣ ಅಕ್ಕಾ," ಎಂದೆ.

"ಬ್ಯಾಡ ಬುಡಿ ಸಾ. ಉಳ ಬಿದ್ರೆ ಮೊರ ತಕೊಂಡು ಜಗಲಿ ಮೇಲೆ ಕೂರ್ತೀನಿ. ಬೀದಿ ಎಂಗಸ್ರು ಆರ್ಸಿಕೊಡಕ್ಕೆ ಬತ್ತಾರೆ, ನಾಕು ಮಾತಾಡ್ತಾರೆ. ಕಾಳು ಚೆಂದಾಗಿದ್ರೆ ನಮ್ಮನೆಗೆ ಯಾರು ಬಂದಾರು?"

ಬಸ್ಸು ಬರುವವರೆಗೆ ಬೀದಿಯ ಹೆಂಗಸರ ಜೊತೆ ನಾನೂ ಜಗಲಿಯಲ್ಲಿ ಕಾಳು ಆರಿಸುತ್ತ ಕೂತೆ. ಹುಳದ ಪುಣ್ಯದಿಂದ ಅವತ್ತು ನನ್ನ ಪಕ್ಕದಲ್ಲೂ ಜನ ಕೂತಿದ್ದರು.