ಶರಣಪ್ಪನ ಹಾಜರಿ

ಬೇ ಏರಿಯಾದಲ್ಲಿ ಮನುಷ್ಯರನ್ನು ಗುರುತಿಸುವುದು ಅವರ ಕಂಪನಿಯಿಂದ. ಅವರು ಲಾಸ್ ಗ್ಯಾಟೋಸಿನಲ್ಲಿ ಸಿನಿಮಾ ಹರಿಸುವವರು, ಇವರು ಫೋನಿನವರು, ಹೀಗೆ. ದ್ವಾರಕಾನಾಥನಿಗೆ ಮಾತ್ರ ಕಂಪನಿ ಬದಲಾದರೂ ಬದಲಾಗದ ಹೆಸರೊಂದಿದೆ: ಹಾಜರ್ ದ್ವಾರಕಿ. ಫ್ರೀಮಾಂಟಿಗೆ ಹೊಸದಾಗಿ ಬಂದ ಕನ್ನಡಿಗರು ಇದನ್ನು ಕೇಳಿ, ಯಾರ ಮನೆಯ ಸಮಾರಂಭವಾದರೂ ಊಟದ ಹೊತ್ತಿಗೆ ಹಾಜರಾಗುವ ಗಿರಾಕಿ ಇರಬೇಕೆಂದು ತಿಳಿಯುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ.

ಮೈಸೂರಿನ ದ್ವಾರಕಾನಾಥ ಚಿಕ್ಕ ವಯಸ್ಸಿಗೇ ಬಯಲುಸೀಮೆಯ ಒಂದು ಸೈನಿಕ ಕಾಲೇಜು ಸೇರಿದವನು. ಪಡೆ ಸೇರಲೆಂದೇ ಪಡೆದ ತರಬೇತಿ. ಆದರೆ ಕೊನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಡಾಕ್ಟರು ಬಣ್ಣದ ಚುಕ್ಕೆಗಳ ಪುಟ ತೆರೆದಿಟ್ಟು "ಇದರಲ್ಲಿ ಯಾವ ಅಂಕಿ ಇದೆ?" ಎಂದಾಗ ಅವನಿಗೆ ಕಂಡದ್ದು ಬರೀ ಚುಕ್ಕೆ. ಕೆಂಪು ಹಸಿರಿನ ಭೇದ ತಿಳಿಯದ ಕಣ್ಣು. ಹಾಗೆ ಸೇನೆಯ ಹಸಿರು ಸಮವಸ್ತ್ರ ಕೈತಪ್ಪಿತು. ಎಂಜಿನಿಯರಾಗಿ ಇಲ್ಲಿಗೆ ಬಂದ. ಹಸಿರೇ ಕಾಣದವನಿಗೆ ಹಸಿರು ಕಾರ್ಡು ಕೊಡಲು ಈ ದೇಶವೂ ಸಾಕಷ್ಟು ವರ್ಷ ಕಣ್ಣುಮುಚ್ಚಾಲೆ ಆಡಿತು. ಈಗ ಕಂಪ್ಯೂಟರಿನ ಚಿಪ್ಪುಗಳಲ್ಲಿ ಯಾವುದು ಕೆಟ್ಟಿದೆ ಎಂದು ಹೇಳುವುದು ಅವನ ಉದ್ಯೋಗ. "ತೆಂಗಿನ ಚಿಪ್ಪಾಗಿದ್ರೆ ನಾನೇ ತಟ್ಟಿ ಹೇಳ್ತಿದ್ದೆ" ಎನ್ನುತ್ತಾಳೆ ಹೆಂಡತಿ ವೇದವತಿ.

ಇನ್ನು ಆ 'ಹಾಜರ್' ಬಂದದ್ದು ಹೇಗೆಂದು ಹೇಳಬೇಕು. ಕಾಲೇಜಿನ ಬ್ಯಾರಕ್ಕಿನಲ್ಲಿ ಮಂಚಗಳು ಸಾಲಾಗಿದ್ದವು. ಬೆಳಗಿನ ಹಾಜರಿಯಲ್ಲಿ ಹೆಸರು ಕರೆದರೆ ಉತ್ತರ ಬರಲೇಬೇಕು. ಬರುವ ತನಕ ಕರೆಯುವವನು ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ, ಇಡೀ ಸಾಲು ಬಿಸಿಲಲ್ಲಿ ಒಣಗುತ್ತಿತ್ತು. ಆದ್ದರಿಂದ ಪ್ರತಿಯೊಬ್ಬನಿಗೂ ಪಕ್ಕದ ಮಂಚದವನೇ ಜವಾಬ್ದಾರ. ಜ್ವರ ಬಂದು ಮಲಗಿದರೆ ಅವನ ಪರವಾಗಿ ಇವನು ಬಾಯಿ ತೆರೆಯಬೇಕು. ಮುಂದೆ ಆ ಹುಡುಗರಲ್ಲಿ ಕೆಲವರು ಯುದ್ಧದಲ್ಲಿ ಸತ್ತಾಗ ಹಳೆಯ ವಿದ್ಯಾರ್ಥಿಗಳು ಇದನ್ನೇ ಮುಂದುವರಿಸಿದರು. ವರ್ಷಕ್ಕೊಮ್ಮೆ, ಜುಲೈ ತಿಂಗಳಲ್ಲಿ, ಎಲ್ಲಿದ್ದರೆ ಅಲ್ಲಿ ಸೇರಿ ಸತ್ತವರ ಹೆಸರು ಕರೆಯುತ್ತಾರೆ. ಪಕ್ಕದ ಮಂಚದವನು "ಹಾಜರ್, ಸರ್!" ಎನ್ನುತ್ತಾನೆ. ಅವನಿಲ್ಲದಿದ್ದರೆ ಇನ್ನೊಂದು ಪಕ್ಕದ ಮಂಚದವನು.

ಬೇ ಏರಿಯಾದವರು ಸೇರುವುದು ಲಿವರ್‌ಮೋರಿನ ಒಂದು ಪಾರ್ಕಿನಲ್ಲಿ. ಗುಂಡು ಹಾರಿಸಲು ಕಲಿತವರೆಲ್ಲ ಈಗ ಗುಂಡು ಹಾಕುವುದರಲ್ಲಿ ಪಳಗಿದ್ದಾರೆ. ಶಿಸ್ತು ಹೋಗಿ ಸುಸ್ತು ಉಳಿದಿದೆ. ಆದರೂ ಹೆಸರು ಕರೆಯುವಷ್ಟು ಹೊತ್ತು ಎಲ್ಲರ ಹೊಟ್ಟೆಯೂ ಒಳಗಿರುತ್ತದೆ.

ದ್ವಾರಕಿಯ ಪಕ್ಕದ ಮಂಚ ಶರಣಪ್ಪನದು. ರೋಣದ ಕಡೆಯ ಹುಡುಗ. ದಿಂಬಿನ ಕೆಳಗೆ ಖಡಕ್ ರೊಟ್ಟಿ ಇಟ್ಟುಕೊಂಡು, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದವನು. ಕಾರ್ಗಿಲ್ ಯುದ್ಧದಲ್ಲಿ ಅವನು ಸತ್ತನೆಂದು ಫೋನು ಬಂದ ದಿನ ದ್ವಾರಕಿ "ಹೌದಾ" ಎಂದ. ಫೋನಿಟ್ಟು ಅಪಾರ್ಟ್‌ಮೆಂಟಿನ ಲಾಂಡ್ರಿಗೆ ಹೋಗಿ ಒಣಗಿದ ಬಟ್ಟೆ ತಂದ. ಮಡಚಿದ. ಕಾಲುಚೀಲಗಳನ್ನು ಜೋಡಿ ಮಾಡಿದ. ಅಳು ಬರುತ್ತದೆಂದು ಕಾದ. ಬರಲಿಲ್ಲ. ಸಂಜೆಯ ಫ್ರೀವೇಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು ಎಂದುಕೊಂಡ. ಕಾಲು ಶತಮಾನ ಕಳೆಯಿತು, ಅದು ಇನ್ನೂ ದಾರಿಯಲ್ಲೇ ಇದೆ. ಒಂದು ವರ್ಷವೂ ತಪ್ಪಿಸದೆ ಆ ಅಡ್ಡಹೆಸರು ಗಳಿಸಿದ್ದಾನೆ. ಪ್ರತಿ ಜುಲೈಯಲ್ಲೂ "ಹಾಜರ್, ಸರ್" ಎನ್ನುತ್ತಾನೆ, ಏನೂ ಅನ್ನಿಸುವುದಿಲ್ಲ, ಇಡ್ಲಿ ತಿಂದು ಮನೆಗೆ ಬರುತ್ತಾನೆ.

ಹೀಗಿರುವಾಗ ಈ ವರ್ಷ ವೇದವತಿಗೆ ಲಿವರ್‌ಮೋರಿನ ದೇವಸ್ಥಾನದಲ್ಲಿ, ಪ್ರಸಾದದ ಸಾಲಿನಲ್ಲಿ, ಶರಣ್ಯಾ ಎಂಬ ಹುಡುಗಿ ಸಿಕ್ಕಳು. ಬರ್ಕ್ಲಿಯಲ್ಲಿ ಸಂಶೋಧನೆ ಮಾಡುವವಳು. ಮಾತಿಗೆ ಮಾತು ಬೆಳೆದಾಗ ತಿಳಿದದ್ದು: ಅವಳು ಶರಣಪ್ಪನ ಅಕ್ಕನ ಮಗಳು, ಮಾವ ಸತ್ತ ಮರುವರ್ಷ ಹುಟ್ಟಿ ಅವನ ಹೆಸರನ್ನೇ ಹೊತ್ತವಳು. ತಾಯಿ ನೀಲವ್ವ ಊರಿನಿಂದ ಬಂದಿದ್ದಾಳೆ. ವೇದವತಿ ಇಬ್ಬರನ್ನೂ ಊಟಕ್ಕೆ ಕರೆದಳು.

ಅರವತ್ತು ದಾಟಿದ ನೀಲವ್ವ ಸೋಫಾದ ಅಂಚಿನಲ್ಲಿ ಕೂತು ದ್ವಾರಕಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಮ್ಮ ಶರಣನ ಬಾಜೂಕ ಮಲಗತಿದ್ದಾವ್ರು ನೀವೇ ಏನ್ರಿ? ಹಲ್ಲು ಕಡೀತಿದ್ನಲ್ಲಾ, ನಿದ್ದಿ ಹತ್ತತಿತ್ತೇನು?"

"ಅಭ್ಯಾಸ ಆಗ್ಬಿಡ್ತಕ್ಕಾ. ರಜಕ್ಕೆ ಮನೆಗೆ ಹೋದ್ರೆ ಆ ಸೌಂಡಿಲ್ದೆ ನಿದ್ದೇನೇ ಬರ್ತಿರ್ಲಿಲ್ಲ."

"ಈಗ ಇವರ ಗೊರಕೆ ಕೇಳ್ಬೇಕು ನೀವು" ಎಂದಳು ವೇದವತಿ. "ನಂಗಿನ್ನೂ ಅಭ್ಯಾಸ ಆಗಿಲ್ಲ."

ನೀಲವ್ವ ನಕ್ಕಳು. ಊಟವಾದ ಮೇಲೆ ಶರಣ್ಯಾ ತಾಯಿಯ ಮುಖ ನೋಡಿ ಮಾತು ತೆಗೆದಳು. "ಅಂಕಲ್, ಆಂಟಿ ಹೇಳಿದ್ರು, ಸಂಡೇ ಹಾಜರಿಗೆ ನಾವೂ ಬರ್ತೀವಿ. ಆದ್ರ ಅವ್ವಂದು ಒಂದ್ ರಿಕ್ವೆಸ್ಟು ಐತಿ. ಆಗಲ್ಲ ಅಂದ್ರ ಆಗಲ್ಲ ಅನ್ರಿ, ಇಟ್ಸ್ ಓಕೆ."

"ನೀ ಸುಮ್ನಿರ" ಎಂದು ನೀಲವ್ವ ಮಗಳನ್ನು ತಡೆದು ದ್ವಾರಕಿಯ ಕಡೆ ತಿರುಗಿದಳು. "ತಮ್ಮಾ, ಅಂವನ ಹೆಸರು ಕರದಾಗ ನೀ ಹಾಜರ್ ಅನಬ್ಯಾಡ."

"ಯಾಕಕ್ಕಾ?" ಎಂದ ದ್ವಾರಕಿ.

"ಊರಾಗ ಸರ್ಕಲ್ಲಿಗೆ ಅಂವನ ಹೆಸರಿಟ್ಟಾರ. ಬಸ್ಸಿನ ಕಂಡಕ್ಟರ್ ದಿನಾ ಒದರ್ತಾನ, 'ಶರಣಪ್ಪಾ, ಶರಣಪ್ಪಾ, ಯಾರ್ರಿ ಇಳಿಯಾವ್ರು!' ಅಂತ. ಹೆಣಾ ಬಂದ ದಿವ್ಸ ಲೀಡರ್‌ಗೋಳು ಬಂದು, ಅಂವ ಅಮರ ಅದಾನ, ವೀರನ ಅಕ್ಕ ಅಳಬಾರದು ಅಂದ್ರು. ನಾ ಅಳಲಿಲ್ಲ. ನಮ್ಮವ್ವ ಸಾಯೂತನಕಾ ಊಟಕ್ಕ ಅಂವನ ತಾಟು ಹಚ್ಚಿ ಇಡ್ತಿದ್ಲು. ಎಲ್ಲಾರೂ ಅದಾನ, ಅದಾನ ಅಂತಾರ. ಅದಾನಂದ್ರ ಮನಿಗ್ಯಾಕ ಬರವಲ್ಲ? ಯಾರರ ಒಬ್ಬರು ಅಂವ ಇಲ್ಲ ಅನ್ರಿ. ಅನ್ನಾಕ ಆಗದಿದ್ರ ಸುಮ್ನರ ಇರ್ರಿ."

"ನೋಡೋಣಕ್ಕಾ" ಎಂದ ದ್ವಾರಕಿ. ಮೈಸೂರಿನವರ 'ನೋಡೋಣ' ಎಂದರೆ 'ಆಗುವುದಿಲ್ಲ' ಎಂದು ಗದಗ ಸೀಮೆಯವರಿಗೆ ಗೊತ್ತಿರುವುದಿಲ್ಲ. ನೀಲವ್ವ ಸಮಾಧಾನದಿಂದ ಮಜ್ಜಿಗೆ ಕುಡಿದಳು.

ಮರುದಿನ ಅವನು ಮಧ್ವೇಶನಿಗೆ ಫೋನು ಮಾಡಿದ. ಮಧ್ವೇಶ ಕಾಲೇಜಿನಲ್ಲಿ ಇವನಿಗಿಂತ ಹಿರಿಯ, ಉಡುಪಿಯವನು. ಪ್ರತಿವರ್ಷ ಹೆಸರು ಕರೆಯುವವನು ಅವನೇ, ಅದೂ ಬಾಯಿಪಾಠದಿಂದ. ಸ್ಯಾನ್ ಹೋಸೆಯಲ್ಲಿ ಹಲ್ಲಿನ ಡಾಕ್ಟರಾದ್ದರಿಂದ ಅವನ ಮುಂದೆ ಬಾಯಿ ಬಿಡದೆ ಯಾರಿಗೂ ಗತಿಯಿಲ್ಲ. ದ್ವಾರಕಿಯೂ ಬಿಟ್ಟ.

"ಅದು ಹೇಗೆ ಆಗ್ತದೋ?" ಎಂದ ಮಧ್ವೇಶ. "ಉತ್ತರ ಬಾರದೆ ನಾನು ಮುಂದಿನ ಹೆಸರು ಕರೆಯುವವನಲ್ಲ ಮಾರಾಯ. ಆ ಅಕ್ಕನ ಮೇಲೆ ನನಗೂ ಗೌರವ ಉಂಟು. ಆದ್ರೆ ಶರಣಪ್ಪನಿಗೆ ಆಬ್ಸೆಂಟು ಹಾಕ್ಲಿಕ್ಕೆ ನೀನು ಯಾರು? ಅವ ಬೆಟ್ಟ ಹತ್ತಿ ಸತ್ತ. ನೀನು ಫ್ರೀಮಾಂಟಿನಲ್ಲಿ ಮನೆಯ ಕಂತು ಕಟ್ತಾ ಇದ್ದಿ."

"ಸರಿ ಸರ್" ಎಂದ ದ್ವಾರಕಿ. ಅವಮಾನವಾಗಬೇಕಿತ್ತು. ಆಗಲಿಲ್ಲ. ಹಲ್ಲಿಗೆ ಸೂಜಿ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿತ್ತು.

ಭಾನುವಾರ ಕಾರಿನಲ್ಲಿ ವೇದವತಿ ಇಡ್ಲಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು, "ಏನ್ ಮಾಡ್ತೀರ್ರೀ?"

"ಗೊತ್ತಿಲ್ಲ."

"ಇಷ್ಟು ವರ್ಷ ಹಾಜರ್ ಅಂದ್ರಲ್ಲ, ಒಂದು ಸಲನಾದ್ರೂ ಏನಾದ್ರೂ ಅನ್ನಿಸ್ತಾ?"

"ಇಲ್ಲ."

"ಮತ್ತೆ ಬಿಡೋದಕ್ಕೇನು ಕಷ್ಟ?"

ಅವನು ಲೇನು ಬದಲಿಸಿದ. "ನಾನು ಮಾಡಿರೋ ಸೈನ್ಯದ ಕೆಲಸ ಅದೊಂದೇ ಕಣೇ. ಅದೂ ಬಿಟ್ರೆ ನಾನು ಆ ಕಾಲೇಜಿಗೆ ಹೋಗಿದ್ದೇ ಸುಳ್ಳು ಅಂತಾಗುತ್ತೆ."

ವೇದವತಿ ಚುಡಾಯಿಸದೆ ಅವನ ಕಾಲರು ಸರಿಮಾಡಿದಳು. ಅವರ ಸಂಸಾರದಲ್ಲಿ ಅದು ಅಪರೂಪ.

ಪಾರ್ಕಿನ ಸುತ್ತಲಿನ ಗುಡ್ಡಗಳು ಬೇಸಿಗೆಗೆ ಒಣಗಿ ನಿಂತಿದ್ದವು. ಪಕ್ಕದ ಮೇಜಿನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ, ಬಲೂನು, ಸಂಗೀತ. ನೀಲವ್ವ ಇಳಕಲ್ ಸೀರೆಯುಟ್ಟು, ಕಾಲಿಗೆ ಮಗಳ ಸ್ನೀಕರ್ಸ್ ಹಾಕಿಕೊಂಡು, ಹೆಂಗಸರ ಜೊತೆ ನಿಂತಿದ್ದಳು. ಮಧ್ವೇಶ "ಸಾವಧಾನ್" ಎಂದ. ಹೊಟ್ಟೆಗಳು ಒಳಗೆ ಹೋದವು.

ಹೆಸರುಗಳು ಬಂದವು. ಹಾಜರ್, ಸರ್. ಹಾಜರ್, ಸರ್. ಆಮೇಲೆ, "ಶರಣಪ್ಪ!"

ದ್ವಾರಕಿಯ ನಾಲಿಗೆ ಅಭ್ಯಾಸದಿಂದ ಎದ್ದಿತು. ಅವನು ಬಾಯಿ ಮುಚ್ಚಿ ಅದನ್ನು ಹಿಡಿದ.

"ಶರಣಪ್ಪ!"

ಸಾಲು ಅಲುಗಲಿಲ್ಲ. ಶರಣಪ್ಪನ ಇನ್ನೊಂದು ಪಕ್ಕದ ಮಂಚದವನು ಆ ಸಾಲಿನಲ್ಲಿರಲಿಲ್ಲ. ದ್ವಾರಕಿ ಸುಮ್ಮನಿದ್ದರೆ ಸಂಜೆಯವರೆಗೂ ಮಧ್ವೇಶ ಕರೆಯುತ್ತಲೇ ಇರುತ್ತಾನೆ, ಅವನು ಅಂಥವನೇ. ಕರೆದಷ್ಟು ಸಲವೂ ನೀಲವ್ವ ಕೇಳಬೇಕು, ಆ ಬಸ್ಸಿನ ಕೂಗಿನ ಹಾಗೆ. ಸುಮ್ಮನಿರುವುದೂ ಸಾಲದು ಎಂದು ಅವನಿಗೆ ತಿಳಿದದ್ದು ಆಗ.

"ಶರಣಪ್ಪ!"

"ಇಲ್ಲ, ಸರ್."

ಮಧ್ವೇಶನ ಕತ್ತಿನ ನರ ಉಬ್ಬಿತು. ಬೈಯಲೆಂದೇ ಅವನು ಬಾಯಿ ತೆರೆದದ್ದು. ಆದರೆ ಬಾಲ್ಯದಲ್ಲಿ ಮೈಗೆ ಹತ್ತಿದ್ದು ಮಾತಿಗಿಂತ ಮುಂಚೆ ಬಂತು. ಕಾಲೇಜಿನ ಹಾಜರಿಯ ಅಂಗಳದಲ್ಲಿ 'ಇಲ್ಲ' ಎಂದವನಿಗೆ ಮರುಪ್ರಶ್ನೆ ಒಂದೇ ಇತ್ತು.

"ಎಲ್ಲಿ?" ಎಂದು ಕೇಳಿಯೇಬಿಟ್ಟ.

"ಸತ್ತೋಗಿದಾನೆ, ಸರ್" ಎಂದ ದ್ವಾರಕಿ.

ಹುತಾತ್ಮ, ಅಮರ, ಬಲಿದಾನ ಎಂದೆಲ್ಲ ಇಷ್ಟು ವರ್ಷ ಭಾಷಣ ಮಾಡಿದ ಆ ಜಾಗದಲ್ಲಿ ಈ ಪದ ಯಾರ ಬಾಯಲ್ಲೂ ಬಂದಿರಲಿಲ್ಲ. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತೆಗೆದಳು. "ಶರಣಾ... ಯಪ್ಪಾ ನನ ತಮ್ಮಾ..." ಎಂದು ತನ್ನ ಸೀಮೆಯ ಹೆಂಗಸರು ಹೆಣದ ಮುಂದೆ ಅಳುವ ಹಾಗೆ, ರಾಗವಾಗಿ, ಹೆಸರು ಹಿಡಿದು ಅತ್ತಳು. ಶರಣ್ಯಾ ತಾಯಿಯನ್ನು ಹಿಡಿದುಕೊಂಡಳು, ಸುಮ್ಮನಿರು ಎನ್ನಲಿಲ್ಲ. ಪಕ್ಕದ ಹುಟ್ಟುಹಬ್ಬದವರು ಸಂಗೀತ ನಿಲ್ಲಿಸಿದರು. ಮಧ್ವೇಶ ಸೆಟೆದು ನಿಂತು, ಗುಡ್ಡದ ಕಡೆ ನೋಡುತ್ತ, ಅವಳು ಮುಗಿಸುವವರೆಗೂ ಕಾದ. ಆಮೇಲೆ ಮುಂದಿನ ಹೆಸರು ಕರೆದ. ಅದರ ಪಕ್ಕದ ಮಂಚದವನು ಕೊಂಚ ತಡೆದು "ಹಾಜರ್, ಸರ್" ಎಂದ. ಅದು ಅವನಿಷ್ಟ.

"ವಿಶ್ರಾಮ್" ಆಯಿತು. ಜನ ಮೇಜಿನ ಕಡೆ ಹೋದರು. ಮಧ್ವೇಶ ದ್ವಾರಕಿಯ ಹತ್ತಿರ ಹಾದುಹೋಗುವಾಗ ಮುಖ ನೋಡದೆ, "ಇಡ್ಲಿ ತಣ್ಣಗಾಗ್ತದೆ" ಎಂದಷ್ಟೇ ಹೇಳಿದ.

ದ್ವಾರಕಿ ನಿಂತಲ್ಲೇ ಇದ್ದ. ಈಗಲಾದರೂ ಅಳು ಬರಬಹುದೆಂದು ಕಾದ. ಬರಲಿಲ್ಲ. ಹೋಗೋಣವೆಂದರೆ ಬಲಗಾಲು ಇರುವ ಸುದ್ದಿಯೇ ಇಲ್ಲ. ಅಷ್ಟು ಹೊತ್ತು ಬಿಗಿದು ನಿಂತು ಜೋಮು ಹಿಡಿದಿತ್ತು. ನೀಲವ್ವ ಕಣ್ಣು ಮೂಗು ಒರೆಸಿಕೊಳ್ಳುತ್ತ ಬಂದು ಅವನ ಮೊಣಕೈ ಹಿಡಿದಳು.

"ಕುಂದರು ತಮ್ಮಾ."

"ಕಾಲು ಜೋಮು ಹಿಡ್ದಿದೆ ಅಕ್ಕಾ. ಇರೋದೇ ಗೊತ್ತಾಗ್ತಿಲ್ಲ."

ಅವಳು ಅವನನ್ನು ಹುಲ್ಲಿನ ಮೇಲೆ ಕೂರಿಸಿ, ತಾನೂ ಎದುರಿಗೆ ಕೂತು, ಚಿಕ್ಕ ಹುಡುಗನ ಕಾಲಿನಂತೆ ಅದನ್ನು ಎಳೆದು ಚಾಚಿಸಿದಳು. ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತಿಕ್ಕತೊಡಗಿದಳು. ಹಿರಿಯರು ಕಾಲು ಮುಟ್ಟಬಾರದೆಂದು ಅವನು ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ರಕ್ತ ಹರಿಯಾಕ ಹತ್ತಿತಂದ್ರ ಭಾಳ ಚುಚ್ಚತೈತಿ" ಎಂದಳು. "ಆವಾಗ ಒದರು ಬೇಕಾದ್ರ."

ವೇದವತಿ ಎರಡು ತಟ್ಟೆ ಹಿಡಿದು ಬಂದವಳು ದೂರದಲ್ಲೇ ನಿಂತಳು. ದ್ವಾರಕಿ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾದ.