ಚಹಾ ಕುಡಿದ ಕೀಬೋರ್ಡಿಗೆ ಸ್ನಾನ ಮಾಡಿಸುವ ಅಕ್ಕ

ಸೋಮವಾರ ಬೆಳಿಗ್ಗೆ ಆರು ಗಂಟೆ. ಮೂರು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಪುಟ್ಟ ಕೋಣೆ. ಅದರ ಶಟರ್ ಇನ್ನೂ ಅರ್ಧವಷ್ಟೇ ಮೇಲೇರಿದೆ. ಒಳಗೆ ಟ್ಯೂಬ್‌ಲೈಟಿನ ಬೆಳಕಲ್ಲಿ ಐವತ್ತನಾಲ್ಕರ ಹೆಂಗಸೊಬ್ಬರು ಲ್ಯಾಪ್‌ಟಾಪ್ ಒಂದನ್ನು ಎರಡೂ ಕೈಯಲ್ಲಿ ಎತ್ತಿ, ಕೀಬೋರ್ಡಿಗೆ ಮೂಗು ತಾಗಿಸಿದಂತೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ.

“ಕಿತ್ತಳೆ ರಸ” ಎನ್ನುತ್ತಾರೆ. “ತಂದವರು ಬರೀ ನೀರು ಅಂದ್ರು.”

ಈ ಬೀದಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ‘ಒಣಗಿಸೋ ಅಕ್ಕ’ ಎಂದು. ಲ್ಯಾಪ್‌ಟಾಪಿನ ಮೇಲೆ ಏನಾದರೂ ಚೆಲ್ಲಿಕೊಂಡವರು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಬರುವುದು ಇಲ್ಲಿಗೆ. ಬಂದವರಿಗೆ ಅಕ್ಕ ಕೇಳುವುದು ಎರಡೇ ಪ್ರಶ್ನೆ. ಮೊದಲನೆಯದು, “ಆನ್ ಮಾಡಿ ನೋಡಿದ್ರಾ?” ಎರಡನೆಯದು, “ಏನು ಚೆಲ್ತು?” ಮೊದಲನೆಯದಕ್ಕೆ ಜನ ತಲೆ ತಗ್ಗಿಸುತ್ತಾರೆ. ಎರಡನೆಯದಕ್ಕೆ ಸುಳ್ಳು ಹೇಳುತ್ತಾರೆ. ಈ ಮಾತನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ. ಎರಡು ವರ್ಷದ ಹಿಂದೆ ಇದೇ ಮೇಜಿನ ಮುಂದೆ ನಿಂತು “ನೀರು ಅಕ್ಕ, ಬರೀ ನೀರು” ಎಂದಿದ್ದವರಲ್ಲಿ, ಈಗ ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದಿರುವ ನಾನೂ ಒಬ್ಬ.

“ನೀರಾದ್ರೆ ಒಣಗಿದ್ರೆ ಆಯ್ತು. ಸಕ್ಕರೆ ಆದ್ರೆ ಒಳಗೆ ಅಂಟಾಗಿ ಕೂತು ನಿಧಾನಕ್ಕೆ ತಿನ್ನುತ್ತೆ” ಎಂದು ಅಕ್ಕ ವಿವರಿಸುತ್ತಾರೆ. “ಮೊದಲನೇ ವರ್ಷ ಒಬ್ಬರು ನೀರು ಅಂದಿದ್ದನ್ನ ನಂಬಿ, ಮೇಲೆ ಮೇಲೆ ಒರೆಸಿ ಕೊಟ್ಟೆ. ವಾರದಲ್ಲಿ ಬೋರ್ಡ್ ಸತ್ತುಹೋಯ್ತು. ಆವತ್ತಿಂದ ಬಾಯಿ ಮಾತು ನಂಬಲ್ಲ, ಮೂಗನ್ನ ನಂಬ್ತೀನಿ. ನಾಚಿಕೆ ಅವರಿಗೆ. ಚೆಲ್ಲಿಕೊಂಡೋರೇನು ಕಳ್ಳರಾ?”

ಆರೂಕಾಲಿಗೆ ಹೊರಗೆ ಕೋಲು ನೆಲ ಮುಟ್ಟುವ ಸದ್ದಾಗುತ್ತದೆ. ಅರವತ್ತರ ಹತ್ತಿರದ ಒಬ್ಬರು ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದು ಕಂಕುಳಲ್ಲಿ ಟವೆಲು ಸುತ್ತಿದ ಲ್ಯಾಪ್‌ಟಾಪ್ ಹಿಡಿದು, ಶಟರಿಗೆ ತಲೆ ತಗುಲದಂತೆ ಬಗ್ಗಿ ಒಳಗೆ ಬರುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪನ್ನು ಅರ್ಧ ತೆರೆದು, ಕೀಬೋರ್ಡ್ ಕೆಳಮುಖ ಮಾಡಿ, ಗುಡಾರದಂತೆ ಮೇಜಿನ ಮೇಲೆ ನಿಲ್ಲಿಸುತ್ತಾರೆ.

“ಆನ್ ಮಾಡಿಲ್ಲ ಅಕ್ಕ. ತಕ್ಷಣ ವೈರ್ ಕಿತ್ತು, ಆಫ್ ಮಾಡಿ, ಬೋರಲು ಹಾಕ್ದೆ” ಎಂದು ಪ್ರಶ್ನೆಗೂ ಮೊದಲೇ ಉತ್ತರ ಕೊಡುತ್ತಾರೆ. “ಬೆಳಿಗ್ಗೆ ಐದಕ್ಕೆ ಚೆಲ್ಲಿದ್ದು. ಚಹಾ. ಹಾಲು ಹಾಕಿದ್ದು, ಎರಡು ಚಮಚ ಸಕ್ಕರೆ. ಅರ್ಧ ಲೋಟ ಒಳಗೆ ಹೋಗಿರಬಹುದು. ಮಗಳು ಲೋಟವನ್ನ ದಿನಾ ಇಡೋ ಜಾಗದಲ್ಲೇ ಇಟ್ಟಿದ್ಲು, ನಾನೇ ಕೈ ಬೀಸ್ದೆ.”

ಅಕ್ಕ ಅವರನ್ನೇ ನೋಡುತ್ತಾ ಕೂತುಬಿಡುತ್ತಾರೆ. ಈ ಕೆಲಸದ ಹನ್ನೊಂದು ವರ್ಷದಲ್ಲಿ ಸಕ್ಕರೆಯ ಚಮಚವನ್ನೂ ಲೆಕ್ಕ ಹೇಳಿದವರು ಇವರೇ ಮೊದಲಂತೆ.

ಬಂದವರು ಟೈಪಿಸ್ಟ್. ವಿಚಾರಣೆ, ಸಭೆ, ಸಂದರ್ಶನಗಳ ಧ್ವನಿಮುದ್ರಿಕೆ ಕೇಳಿ ಅಕ್ಷರಕ್ಕೆ ಇಳಿಸುವುದು ಅವರ ಕೆಲಸ. ಟೈಪಿಸಿದ್ದನ್ನೆಲ್ಲ ಲ್ಯಾಪ್‌ಟಾಪೇ ಅವರಿಗೆ ಓದಿ ಹೇಳುತ್ತದೆ. ಒಂದು ಕಚೇರಿಯವರು ವರ್ಷವಿಡೀ ಕೆಲಸ ಕೊಡುತ್ತಾರೆ, ಆದರೆ ಗಡುವು ಎಂದರೆ ಗಡುವು. ಈ ಸಲದ್ದು ಬುಧವಾರ ಸಂಜೆ ಆರು. ಇನ್ನು ಒಂದೇ ಧ್ವನಿಮುದ್ರಿಕೆಯ ಕೊನೆಯ ಭಾಗ ಬಾಕಿ. ತಪ್ಪಿದರೆ ಬರುವ ವರ್ಷದ ಕೆಲಸ ಬೇರೆಯವರ ಪಾಲು. ಬೇರೆಯವರು ಆಗಲೇ ಸಾಲಿನಲ್ಲಿ ನಿಂತಿದ್ದಾರೆ.

“ನಾಳೆ ಸಿಗುತ್ತಾ ಅಕ್ಕ?”

“ಇಲ್ಲ ಅಣ್ಣ. ಬುಧವಾರ ಮಧ್ಯಾಹ್ನ. ಅದಕ್ಕೂ ಮುಂಚೆ ಕೊಟ್ರೆ ಒಳಗೆ ತೇವ ಉಳಿಯುತ್ತೆ. ಬುಧವಾರವೂ ಬದುಕುತ್ತೆ ಅಂತ ಮಾತು ಕೊಡಲ್ಲ. ಆದ್ರೆ ನೀವು ಆನ್ ಮಾಡಿಲ್ವಲ್ಲ, ಅದು ದೊಡ್ಡ ಉಪಕಾರ.”

ಬೇರೆ ಕೀಬೋರ್ಡ್ ಸಿಕ್ಕಿಸಿ ಈಗಲೇ ಕೆಲಸ ಮಾಡಬಾರದೇ ಎಂದು ನಾನು ಜಾಣತನ ತೋರಿಸಹೊರಟೆ. ಅಕ್ಕ ನನ್ನ ಕಡೆ ತಿರುಗಲಿಲ್ಲ. “ಕೀಬೋರ್ಡಿನ ಕೆಳಗೇ ಬೋರ್ಡಿರೋದು. ಚಹಾ ಇಳಿಯೋದು ಅಲ್ಲಿಗೇ. ಈಗ ಕರೆಂಟ್ ಕೊಟ್ರೆ ಸುಟ್ಟುಹೋಗುತ್ತೆ” ಎಂದಷ್ಟೇ ಹೇಳಿದರು. ಈ ಮಾದರಿಗೆ ಹೊಸ ಕೀಬೋರ್ಡ್ ಎಲ್ಲೂ ಸಿಗುವುದಿಲ್ಲವೆಂದು ಟೈಪಿಸ್ಟ್ ಸೇರಿಸಿದರು. ಸಿಕ್ಕರೂ ತಮಗೆ ಬೇಡವಂತೆ. ಹದಿಮೂರು ವರ್ಷದಿಂದ ಇದೇ ಕೀಗಳ ಮೇಲೆ ಬೆರಳು ಓಡಿಸುತ್ತಿದ್ದಾರೆ.

ಟೈಪಿಸ್ಟ್ ಹೋದ ಮೇಲೆ ಅಕ್ಕ ತಿರುಪುಗಳನ್ನು ಬಿಚ್ಚಿ ಬ್ಯಾಟರಿ ಬೇರೆ ಮಾಡುತ್ತಾರೆ. ಮೇಜಿನ ಮೇಲೆ ಚಿಮಟ, ಹತ್ತಿ ಸುತ್ತಿದ ಕಡ್ಡಿಗಳು, ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ ಬಾಟಲಿ. ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯನ್ನು ಕೀಯ ಅಡಿಗೆ ತೂರಿಸಿ ಮೆಲ್ಲಗೆ ಎತ್ತಿದರೆ ಟಕ್ ಎಂದು ಕಳಚಿಕೊಳ್ಳುತ್ತದೆ. ಕಳಚಿದ ಕೀಗಳು ಉಗುರುಬೆಚ್ಚಗಿನ ಸೋಪಿನ ನೀರಿನ ಬೋಗುಣಿಗೆ. ಒಂದು ಲ್ಯಾಪ್‌ಟಾಪಿನಲ್ಲಿ ಎಂಬತ್ತರ ಆಸುಪಾಸು ಕೀಗಳಿರುತ್ತವೆ. ದಿನಕ್ಕೆ ಐದಾರು ಲ್ಯಾಪ್‌ಟಾಪ್ ಬರುತ್ತವೆ. ಅಂದರೆ ದಿನಕ್ಕೆ ನಾನೂರಕ್ಕೂ ಹೆಚ್ಚು ಕೀಗಳು ಈ ಬೋಗುಣಿಯಲ್ಲಿ ಸ್ನಾನ ಮಾಡುತ್ತವೆ. ಬಂದ ಹತ್ತು ಲ್ಯಾಪ್‌ಟಾಪಿನಲ್ಲಿ ಏಳು ಬದುಕುತ್ತವೆ. ಉಳಿದ ಮೂರು ಬಹುಪಾಲು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟವೋ ಕೂದಲು ಒಣಗಿಸುವ ಬಿಸಿಗಾಳಿ ತಿಂದವೋ ಆಗಿರುತ್ತವೆ.

ಅಕ್ಕನಿಗೆ ಈ ವಿದ್ಯೆ ಬಂದದ್ದು ತಾಯಿಯಿಂದ. ಹಾಗೆಂದು ತಾಯಿ ಕಂಪ್ಯೂಟರ್ ಮುಟ್ಟಿದವರಲ್ಲ. ಅವರು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಅಚ್ಚಾದ ಮೇಲೆ ಸೀಸದ ಅಕ್ಷರಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೂ ಅದರದರ ಖಾನೆಗೆ ಹಾಕಬೇಕು. ಶಾಲೆ ಮುಗಿಸಿ ಬಂದ ಮಗಳಿಗೆ ಅದೇ ಆಟ. ಮುದ್ರಣಾಲಯ ಮುಚ್ಚಿತು, ಮೊಳೆಗಳೆಲ್ಲ ಗುಜರಿಗೆ ಹೋದವು. ಮದುವೆಯಾಗಿ ಆರನೇ ವರ್ಷಕ್ಕೆ ಗಂಡ ತೀರಿಕೊಂಡರು. ಅಕ್ಕ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು.

“ಒಂದಿನ ಮೇಷ್ಟ್ರು ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ರು. ಎಲ್ಲರೂ ಬಿಸಾಕಿ ಅಂದ್ರು. ನಾನು ನೋಡಿದ್ರೆ, ಇದೂ ಮೊಳೆ ತರಾನೇ ಇದೆಯಲ್ಲ ಅನ್ನಿಸ್ತು. ತೊಳೀಲಾ ಅಂತ ಕೇಳ್ದೆ. ಹೆಂಗೂ ಹೋಗಿದೆ, ತೊಳಿ ಅಂದ್ರು. ಮೂರನೇ ದಿನ ಆನ್ ಆಯ್ತು. ನಾಲ್ಕನೇ ದಿನದಿಂದ ನನ್ನ ಕೈಗೆ ಪೊರಕೆ ಕೊಡೋದು ಬಿಟ್ರು.”

ಅಲ್ಲಿಂದ ಈ ಕೋಣೆಗೆ ಬರಲು ಎಂಟು ವರ್ಷ ಹಿಡಿಯಿತು. “ಈ ಹೆಂಗಸಿಗೆ ಏನು ಗೊತ್ತು” ಎಂದು ಬಾಗಿಲಿಂದಲೇ ತಿರುಗಿ ಹೋದವರು ಎಷ್ಟೋ. ಸ್ಪಿರಿಟ್ ತಾಗಿ ತಾಗಿ ಬೆರಳತುದಿಯ ಚರ್ಮ ಸುಲಿಯುತ್ತದೆ. ಕತ್ತು ಒಮ್ಮೆ ಹಿಡಿದುಕೊಂಡರೆ ವಾರ ಬಿಡುವುದಿಲ್ಲ. ಇದನ್ನೆಲ್ಲ ಅಕ್ಕ ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿ ಮುಗಿಸುತ್ತಾರೆ. ನಾನು ಕೇಳುತ್ತಿದ್ದೇನೆ, ಅವರು ಹೇಳುತ್ತಿದ್ದಾರೆ, ಕೀಗಳು ಟಕ್ ಟಕ್ ಎಂದು ಬೋಗುಣಿಗೆ ಬೀಳುತ್ತಿವೆ.

ಇದ್ದಕ್ಕಿದ್ದಂತೆ ಅಕ್ಕನ ಮಾತು ನಿಲ್ಲುತ್ತದೆ. ಬೋಗುಣಿಗೆ ಕೈ ಹಾಕಿ ಒಂದು ಕೀ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಇನ್ನೊಂದು. ಮತ್ತೊಂದು. ಯಾವುದರ ಮೇಲೂ ಅಕ್ಷರವಿಲ್ಲ.

ಬೇರೆಯವರ ಕೀಗಳನ್ನು ಹೇಗೆ ಬೆರೆಸಿ ತೊಳೆದರೂ ಚಿಂತೆಯಿಲ್ಲ, ಮೇಲೆ ಬರೆದದ್ದನ್ನು ಓದಿ ಜಾಗಕ್ಕೆ ಹಾಕಿದರಾಯಿತು. ಟೈಪಿಸ್ಟರ ಕೀಗಳ ಮೇಲಿನ ಅಕ್ಷರಗಳು ಹದಿಮೂರು ವರ್ಷದ ಓಟದಲ್ಲಿ ಬಹುಪಾಲು ಅಳಿಸಿಹೋಗಿದ್ದವು. ಹಾಗೆ ಬೋಳಾದ ಕೀಗಳು ಹದಿನೆಂಟು. ಒಂದೇ ಅಳತೆ, ಒಂದೇ ಬಣ್ಣ. ಬಿಚ್ಚುವ ಮೊದಲು ಅಕ್ಕ ಗಮನಿಸಬೇಕಿತ್ತು. ಅವರ ಗಮನವೆಲ್ಲ ಪತ್ರಿಕೆಯವನ ಪ್ರಶ್ನೆಗಳ ಮೇಲಿತ್ತು.

“ಯಾವುದನ್ನ ಎಲ್ಲಿ ಹಾಕಿದ್ರೂ ಕಂಪ್ಯೂಟರ್‌ಗೆ ಗೊತ್ತಾಗಲ್ಲ ಅಲ್ವಾ ಅಕ್ಕ? ಒತ್ತೋ ಜಾಗ ಅದೇ ತಾನೇ?” ಎಂದೆ. ತಾಂತ್ರಿಕವಾಗಿ ನನ್ನ ಮಾತು ಸರಿ. ಟೈಪಿಸ್ಟರಿಗೂ ಕಾಣುವುದಿಲ್ಲವಲ್ಲ ಎಂಬ ಇನ್ನೊಂದು ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ಹೇಳದೇ ನುಂಗಿಕೊಂಡೆ. ಅಂಥ ಮಾತು ಬಂತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

“ಕಂಪ್ಯೂಟರ್‌ಗೆ ಗೊತ್ತಾಗಲ್ಲ” ಎಂದರು ಅಕ್ಕ. “ಅವರ ಬೆರಳಿಗೆ ಗೊತ್ತಾಗುತ್ತೆ.”

ಕೈ ಒರೆಸಿಕೊಂಡು ಆಗಲೇ ಫೋನ್ ಮಾಡಿದರು. ಪೀಠಿಕೆ ಹಾಕಲಿಲ್ಲ. “ಅಣ್ಣ, ನನ್ನಿಂದ ಒಂದು ತಪ್ಪಾಯ್ತು. ನಿಮ್ಮ ಕೀಗಳನ್ನ ನೋಡದೆ ಬೆರೆಸಿಬಿಟ್ಟೆ. ಯಾವುದು ಎಲ್ಲಿಯದು ಅಂತ ನನಗೆ ಗೊತ್ತಾಗ್ತಿಲ್ಲ.” ಆ ಕಡೆಯಿಂದ ನನಗೂ ಕೇಳುವಷ್ಟು ಜೋರಾಗಿ ಉತ್ತರ ಬಂತು. “ಬುಧವಾರ ಒಂದು ಗಂಟೆ ಮೊದಲೇ ಬರ್ತೀನಿ ಬಿಡಿ. ಬರೋವಾಗ ಬೆರಳುಗಳನ್ನೂ ತರ್ತೀನಿ.”

ಬುಧವಾರ ಹನ್ನೊಂದಕ್ಕೆ ನಾನು ಹೋದಾಗ ಮೇಜಿನ ಮೇಲೆ ಹೊಸದೊಂದು ವಸ್ತು ಕೂತಿದೆ. ಹೊಸದಲ್ಲ, ತೀರಾ ಹಳೆಯದು. ಸಣ್ಣ ಸಣ್ಣ ಖಾನೆಗಳ ಮರದ ತಟ್ಟೆ, ಮೂಲೆಗಳಲ್ಲಿ ಇನ್ನೂ ಕಪ್ಪು ಮಸಿ. ಗುಜರಿಗೆ ಹೋಗದಂತೆ ತಾಯಿ ಉಳಿಸಿಕೊಂಡದ್ದು. ಎಂಬತ್ತೊಂದರ ಆ ಅಮ್ಮ ದಿನಾ ಸಂಜೆ “ಇವತ್ತು ಎಷ್ಟು ಮೊಳೆ ತೊಳೆದೆ?” ಎಂದು ಕೇಳುತ್ತಾರಂತೆ. ಸೋಮವಾರದ ಕಥೆ ಕೇಳಿ ಮಗಳಿಗೆ ಚೆನ್ನಾಗಿ ಬೈದಿದ್ದಾರೆ.

“‘ಮುಖ ನೋಡದೆ ಮೊಳೇನ ಬೋಗುಣಿಗೆ ಹಾಕ್ತಾರೇನೇ? ಇದನ್ನಾ ನಾನು ಕಲಿಸಿದ್ದು?’ ಅಂದ್ರು. ಮಂಚದ ಕೆಳಗಿಂದ ಇದನ್ನ ಎಳೆಸಿದ್ರು. ಇನ್ಮೇಲೆ ಬಿಚ್ಚಿದ್ದನ್ನ ಇದರಲ್ಲೇ ಸಾಲಾಗಿ ಇಡಬೇಕಂತೆ, ಒಂದೊಂದು ಸಾಲನ್ನೇ ತೊಳೀಬೇಕಂತೆ” ಎಂದು ಅಕ್ಕ ಹುಳ್ಳಗೆ ನಗುತ್ತಾರೆ.

ಟೈಪಿಸ್ಟ್ ಬಂದು ಕೂರುತ್ತಾರೆ. ಸ್ಪಿರಿಟ್ಟಿನಲ್ಲಿ ಒರೆಸಿದ ಬೋರ್ಡು ಒಣಗಿದೆ, ಬ್ಯಾಟರಿ ಮತ್ತೆ ಕೂತಿದೆ, ಅಕ್ಷರ ಉಳಿದ ಕೀಗಳೆಲ್ಲ ಆಗಲೇ ತಮ್ಮ ಜಾಗದಲ್ಲಿವೆ. ಬೋಳು ಹದಿನೆಂಟನ್ನು ಅಕ್ಕ ಅವರ ಅಂಗೈಗೆ ಸುರಿಯುತ್ತಾರೆ. ಅವರು ಒಂದನ್ನು ಎತ್ತಿ ಹೆಬ್ಬೆರಳಿಂದ ಸವರುತ್ತಾರೆ.

“ಇದು ಎ. ಕಿರುಬೆರಳಿಂದು. ಎಡಗಡೆ ಅಂಚು ಸವೆದಿದೆ ನೋಡಿ. ಇದು ಇ, ನಡುವೆ ಗುಳಿ ಬಿದ್ದಿದೆ, ಎಲ್ಲಕ್ಕಿಂತ ಜಾಸ್ತಿ ಏಟು ತಿಂದಿದ್ದು ಇದೇ. ಇದು ಎನ್, ಉಗುರು ತಾಗಿ ಗೀರಾಗಿದೆ.” ಅವರು ಹೇಳುತ್ತಾ ಹೋದಂತೆ ಅಕ್ಕ ಒಂದೊಂದನ್ನೇ ಜಾಗಕ್ಕೆ ಕೂರಿಸಿ ಒತ್ತುತ್ತಾರೆ. ನಾನೂ ಒಂದನ್ನು ಇಸಿದುಕೊಂಡು ಸವರಿ ನೋಡಿದೆ. ನುಣ್ಣಗಿನ ಪ್ಲಾಸ್ಟಿಕ್ ಬಿಟ್ಟರೆ ನನಗೆ ಬೇರೇನೂ ಸಿಗಲಿಲ್ಲ. “ಕಣ್ಣಿರೋರಿಗೆ ಕಷ್ಟ” ಎಂದು ಟೈಪಿಸ್ಟ್ ನನ್ನ ಮೇಲೆ ಕನಿಕರ ತೋರಿಸಿದರು. ಇಪ್ಪತ್ತೈದು ನಿಮಿಷದಲ್ಲಿ ಅಂಗೈ ಖಾಲಿ.

ಉಳಿದದ್ದು ಗುಂಡಿ ಒತ್ತುವುದು. ಅಕ್ಕ ತಾವಾಗಿ ಯಾವ ಲ್ಯಾಪ್‌ಟಾಪನ್ನೂ ಆನ್ ಮಾಡುವುದಿಲ್ಲ. ತಂದವರೇ ಮಾಡಬೇಕು. ಬದುಕಿದರೂ ಸತ್ತರೂ ಅವರ ಎದುರಿಗೇ ಆಗಲಿ ಎಂಬುದು ಅಕ್ಕನ ನೇಮ. ಟೈಪಿಸ್ಟ್ ಒತ್ತುತ್ತಾರೆ. ಏನೂ ಇಲ್ಲ. ಒಳಗೆ ಫ್ಯಾನು ತಿರುಗುವ ಸಣ್ಣ ಸದ್ದು. ಅಷ್ಟು ಹೊತ್ತಿನ ಮೇಲೆ ಲ್ಯಾಪ್‌ಟಾಪಿನ ಯಂತ್ರದ ದನಿ ಬ್ಯಾಟರಿ ಎಷ್ಟಿದೆ ಎಂದು ಶುಷ್ಕವಾಗಿ ವರದಿ ಒಪ್ಪಿಸಿತು. ಅಷ್ಟು ಚೆಂದದ ವಾಕ್ಯವನ್ನು ನಾನು ಈಚೆಗೆ ಕೇಳಿದ್ದಿಲ್ಲ.

ಟೈಪಿಸ್ಟ್ ಒಂದೊಂದೇ ಕೀ ಒತ್ತುತ್ತಾರೆ, ದನಿ ಒಂದೊಂದೇ ಅಕ್ಷರ ಹೇಳುತ್ತದೆ. ಎಲ್ಲವೂ ಇವೆ. ಬೆರಳುಗಳ ವೇಗ ಏರುತ್ತದೆ, ಮುಖದ ಗಂಟು ಸಡಿಲವಾಗುತ್ತದೆ. “ಮನೆಗೆ ಬಂದ ಹಾಗಾಯ್ತು” ಎಂದು ಎದ್ದು, ಲ್ಯಾಪ್‌ಟಾಪನ್ನು ಚೀಲಕ್ಕೆ ಇಳಿಸಿ ಹೊರಟೇಬಿಟ್ಟರು. ಸಂಜೆ ಐದೂಕಾಲಿಗೆ ಅಕ್ಕನ ಫೋನು ಸದ್ದು ಮಾಡಿತು. ಕೆಲಸ ಕಳಿಸಿದ್ದಾಯಿತು, ತಲುಪಿದೆ ಎಂದು ಕಚೇರಿಯಿಂದ ಉತ್ತರವೂ ಬಂದಿದೆ ಎಂಬ ಸುದ್ದಿ. ಅಕ್ಕ “ಒಳ್ಳೇದಾಯ್ತು ಅಣ್ಣ. ಲೋಟ ಸ್ವಲ್ಪ ದೂರ ಇಟ್ಕೊಳ್ಳಿ” ಎಂದು ಫೋನ್ ಇಟ್ಟು ಮತ್ತೆ ಬ್ರಷ್ ಹಿಡಿದರು.

ಸೋಮವಾರ ಫೋನ್ ಮಾಡದೇ ಇದ್ದಿದ್ದರೂ ನಡೆಯುತ್ತಿತ್ತೇನೋ ಎಂದು ಕೆಣಕಿದೆ. “ಸಕ್ಕರೆ ಎರಡು ಚಮಚ ಅಂತ ಬಂದ ತಕ್ಷಣ ನಿಜ ಹೇಳಿದೋರು ಅವರು. ಅಂಥೋರಿಗೆ ನಾನು ಸುಳ್ಳು ಹೇಳೋಕಾಗುತ್ತಾ?” ಎಂದರು. ಆಸೆ ಏನಾದರೂ ಇದೆಯೇ ಎಂದು ಕೊನೆಗೆ ಕೇಳಿದೆ. “ದೊಡ್ಡದೇನಿಲ್ಲ. ಬರೋರೆಲ್ಲ ಹೀಗೇ ಇದ್ದಿದ್ದು ಇದ್ದ ಹಾಗೆ ಹೇಳಿಬಿಟ್ರೆ ಸಾಕು. ಉಳಿದಿದ್ದು ನಾನು ನೋಡ್ಕೋತೀನಿ.”

ಟಿಪ್ಪಣಿ ಪುಸ್ತಕ ಮಡಿಸಿ ಎದ್ದೆ. ಬಾಗಿಲವರೆಗೆ ಹೋದವನು ತಿರುಗಿ, ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಯೇಬಿಟ್ಟೆ. “ಅಕ್ಕ, ನಾನು ಆವತ್ತು ತಂದಿದ್ದೆನಲ್ಲ, ಅದು ನೀರಲ್ಲ.”

ಅಕ್ಕ ತಲೆ ಎತ್ತಲಿಲ್ಲ. ಮರದ ತಟ್ಟೆಯ ಮೊದಲ ಖಾನೆಗೆ ಒಂದು ಕೀ ಇಟ್ಟರು.

“ನಿಂಬೆ ಷರಬತ್ತು. ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು” ಎಂದರು.